ಐದು ಮೆಟ್ಟಿಲು, ಇಳಿಜಾರು ಇಲ್ಲ

ಮಾನ್ಯರೇ,

ಅಂಗವಿಕಲ ಕ್ರೀಡಾಪಟುಗಳ ಕೂಟವಾದ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ 29 ಪದಕ ಬಂತು, ಅದರಲ್ಲಿ 7 ಚಿನ್ನ. ಅದೇ ವರ್ಷದ ಒಲಿಂಪಿಕ್ಸ್‌ನಲ್ಲಿ ಬಂದದ್ದು 6, ಚಿನ್ನ ಒಂದೂ ಇಲ್ಲ. ನಮ್ಮ ಹಾಸನದ ಸುಹಾಸ್ ಯತಿರಾಜ್ ಟೋಕಿಯೊದಂತೆ ಅಲ್ಲೂ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಗೆದ್ದರು. ಎಷ್ಟು ಹೆಮ್ಮೆ, ಅಲ್ವಾ!

ಆದರೆ ಮೈಸೂರಿನಲ್ಲಿ ನಾನು ಬೆಳಗ್ಗೆ ವಾಕಿಂಗ್ ಹೋಗುವ ಮೈದಾನದ ಬಾಗಿಲಲ್ಲೇ ಐದು ಮೆಟ್ಟಿಲಿವೆ. ಇಳಿಜಾರು ಇಲ್ಲ. ಗುಂಡು ಎಸೆತದ ಅಭ್ಯಾಸಕ್ಕೆ ಬರುವ ಹುಡುಗನೊಬ್ಬನ ಅಪ್ಪ ದಿನಾ ಮೊದಲು ಗಾಲಿಕುರ್ಚಿ ಮೇಲಿಟ್ಟು ಬರುತ್ತಾರೆ, ಆಮೇಲೆ ಮಗನನ್ನು ಎತ್ತಿಕೊಂಡು ಹತ್ತುತ್ತಾರೆ. ಅಷ್ಟು ಹೊತ್ತು ಅವನು ಗುಂಡನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆ ಮೇಲೆ ಕೂತಿರುತ್ತಾನೆ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಜಾಸ್ತಿಯೆಂದರೆ ನಾಲ್ಕು ದಿನದ ಗಾರೆ ಕೆಲಸ. ಸಂಬಂಧಪಟ್ಟವರು ಈ ತಿಂಗಳಲ್ಲೇ ಮಾಡಿಸಿಕೊಡಲಿ.

– ಒಬ್ಬ ಓದುಗ, ಮೈಸೂರು