ತೊಳೆದ ಕೈಗೆ ಕೊಳೆ ಟವೆಲ್ ಬೇಡ

ಮಾನ್ಯ ಸಂಪಾದಕರೇ,

ಎಷ್ಟೋ ಹೋಟೆಲ್‌ಗಳಲ್ಲಿ ಬೇಸಿನ್ ಪಕ್ಕದ ಮೊಳೆಗೆ ಒಂದೇ ಟವೆಲ್ ನೇತಾಡುತ್ತಿರುತ್ತದೆ. ಬೆಳಗಿನ ಇಡ್ಲಿಯಿಂದ ರಾತ್ರಿ ಊಟದವರೆಗೂ ಎಲ್ಲರಿಗೂ ಅದೇ. ಸಾರಿನ ಕಲೆ, ಮುಗ್ಗಲು ವಾಸನೆ, ಯಾವಾಗಲೂ ಒದ್ದೆ. ಸೋಪು ಹಾಕಿ ತೊಳೆದ ಕೈಯನ್ನು ಅದಕ್ಕೇ ಒರೆಸಿದರೆ ತೊಳೆದಿದ್ದೆಲ್ಲ ದಂಡ ಅಲ್ವಾ? ಹಾಗಂತ ಒದ್ದೆ ಕೈಯಲ್ಲೇ ಹೊರಡುವುದೂ ಸರಿಯಲ್ಲ. ಒಣಗಿದ ಕೈಗಿಂತ ಒದ್ದೆ ಕೈಯಿಂದ ರೋಗಾಣುಗಳು ಬೇಗ ಹರಡುತ್ತವೆ.

ಒಮ್ಮೆ ಬಳಸಿ ಎಸೆಯುವ ಪೇಪರ್ ಟವೆಲ್‌ನಿಂದ ಕೈ ಪೂರ್ತಿ ಒರೆಸಿ, ಅದರಿಂದಲೇ ನಲ್ಲಿ ನಿಲ್ಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕತ್ತರಿಸಿಟ್ಟ ಹಳೇ ಪತ್ರಿಕೆ ತುಂಡು ಇದಕ್ಕೆ ಆಗುವುದಿಲ್ಲ, ಮಸಿ ಕೈಗೆ ಅಂಟುತ್ತದೆ. ಮನೆಯಲ್ಲಾದರೆ ಒಬ್ಬೊಬ್ಬರಿಗೆ ಒಂದೊಂದು ಟವೆಲ್ ಇರಲಿ, ಬಿಸಿಲಲ್ಲಿ ಒಣಗಲಿ. ತಪಾಸಣೆಗೆ ಬರುವ ಆರೋಗ್ಯ ನಿರೀಕ್ಷಕರು ದಯವಿಟ್ಟು ಬೇಸಿನ್ ಮೂಲೆಯನ್ನೂ ನೋಡಲಿ.

– ಒಬ್ಬ ಓದುಗಿ, ತುಮಕೂರು