ಓದಿದ್ದು ನೆನಪಿರುವುದಿಲ್ಲ ಎಂದೆಯಲ್ಲ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಈಚೆಗೆ ಮುಗಿಸಿದ ಪುಸ್ತಕಗಳ ಬಗ್ಗೆ ನೀನು ಬರೆದ ನಾಲ್ಕಾರು ಸಾಲುಗಳನ್ನು ಖುಷಿಯಿಂದಲೇ ಓದುತ್ತಿದ್ದೆ. ಕೊನೆಗೆ 'ತಿಂಗಳು ಕಳೆದರೆ ಒಂದೂ ನೆನಪಿರುವುದಿಲ್ಲ, ನನಗೇನಾದರೂ ಆಗಿದೆಯೇ' ಎಂದು ಕೇಳಿದ್ದೀಯ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ನಿನ್ನ ತಾತನ ಕೊನೆಗಾಲ ಮನೆಯವರಿಗೆಲ್ಲ ಗೊತ್ತು, ಅದನ್ನು ಕೆದಕುವುದಿಲ್ಲ. ಆದರೆ ಆ ಪ್ರಶ್ನೆ ಬರೆಯುವಾಗ ನಿನ್ನ ಕಣ್ಣೆದುರು ಇದ್ದವರು ಅವರೇ ತಾನೇ?

ಭೈರಪ್ಪನವರ 'ಗೃಹಭಂಗ'ದಲ್ಲಿ ಯಾರು ಯಾರಿಗೆ ಏನಾಗಬೇಕು ಎಂದರೆ ನಾನೂ ತಡವರಿಸುತ್ತೇನೆ. ನಂಜಮ್ಮ ಮುತ್ತುಗದ ಎಲೆ ಹಚ್ಚುವುದು, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುವುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಪ್ಲೇಗಿನ ಪುಟಗಳನ್ನು ಮರೆಯಬೇಕೆಂದರೂ ಆಗಿಲ್ಲ. ಚೆನ್ನಿಗರಾಯನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನೀನೇ ಬರೆದಿದ್ದೀಯ. ಮರೆತವರಿಗೆ ಸಿಟ್ಟು ಎಲ್ಲಿಂದ ಬರುತ್ತದೆ ಮಗಳೇ?

ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದಾಗ ನಾನು ಕೆಲಸಕ್ಕೆ ಸೇರಿದ ಹೊಸತು. ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳುತ್ತಿದ್ದೆ. ಹಾರುವ ಓತಿ ಕೈಗೆ ಸಿಗದೆ ತೇಲಿಹೋಗುವ ಭಾಗ ಮುಗಿದಾಗ 'ಇನ್ನೊಂದು ಸಲ ಓದು' ಎಂದರು. ಬೆಳಿಗ್ಗೆ ಬೇಗ ಏಳಬೇಕಿತ್ತು, ನಾಳೆ ಓದಿದರಾಯಿತು ಎಂದೆ. ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಯಿತು. ಮುಂದೆ ಅವರಾಗಿ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಮಂದಣ್ಣನ ಪ್ರಸಂಗಗಳೆಲ್ಲ ಈಗ ನನಗೆ ಕಲಸುಮೇಲೋಗರ.

'ಮೂಕಜ್ಜಿಯ ಕನಸುಗಳು' ಬೇಸರ ತರಿಸಿತೆಂಬುದನ್ನು ಮಾತ್ರ ಒಪ್ಪುವುದಿಲ್ಲ. ಅದಕ್ಕೆ 1977ರ ಜ್ಞಾನಪೀಠ ಬಂದಿದೆಯೆಂದು ಹೇಳುತ್ತಿಲ್ಲ. ಕೈಗೆ ಕೊಟ್ಟ ವಸ್ತುವನ್ನು ಮುಟ್ಟಿಯೇ ಅಜ್ಜಿ ಅದರ ಹಿಂದಿನದನ್ನೆಲ್ಲ ಕಾಣುತ್ತಾಳೆ. ನಾವು ಪುಟ ತಿರುವಿಯೇ ಹುಡುಕಬೇಕು, ಅದರಲ್ಲಿ ಅವಮಾನವೇನು? ನೋಡು, ಮತ್ತೆ ನೆನಪಿನ ಮಾತಿಗೇ ಬಂದೆ.

ಬುದ್ಧಿ ಹೇಳುವಷ್ಟು ತಿಳಿದವನೇನಲ್ಲ. ಒಂದು ಮುಗಿದ ಕೂಡಲೇ ಇನ್ನೊಂದಕ್ಕೆ ಕೈ ಹಾಕಬೇಡ. ಪೆನ್ಸಿಲ್ ಹಿಡಿದು ಓದು, ಗ್ರಂಥಾಲಯದ ಪ್ರತಿಯಾದರೆ ಬೇಡ. ರಾತ್ರಿ ಮೊಬೈಲ್ ದೂರವಿಡು ಎನ್ನೋಣವೆಂದರೆ ನಾನೇ ಇಡುವುದಿಲ್ಲ. ನಿದ್ದೆ ಸರಿಯಾಗಿ ಬರುತ್ತಿದೆಯೇ? ಅದನ್ನೇ ನೀನು ಬರೆದಿಲ್ಲ. ಮೂವತ್ತರೊಳಗೆ ಇಂಥ ಭಯ ಬೇಡ ಎಂದು ನನ್ನ ಅನಿಸಿಕೆ. ಆದರೂ ಮನಸ್ಸು ಕೇಳದಿದ್ದರೆ ಒಮ್ಮೆ ವೈದ್ಯರನ್ನು ಕಂಡು ಬಾ, ನಿನ್ನ ಅಪ್ಪನಿಗೆ ನಾನು ಹೇಳುವುದಿಲ್ಲ.

ಹಬ್ಬಕ್ಕೆ ಬರುವಾಗ 'ಕರ್ವಾಲೊ' ತೆಗೆದುಕೊಂಡು ಬಾ. ನನ್ನ ಪ್ರತಿ ಕೊಂಡುಹೋದ ಪುಣ್ಯಾತ್ಮರು ಯಾರೋ, ಅದೂ ನೆನಪಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ