ಕೊಡ ಯಾವುದರದ್ದು ಅಂತ ನೋಡು: ಒಬ್ಬ ಯುವ ಬರಹಗಾರ್ತಿಗೆ ಪತ್ರ

ಪ್ರೀತಿಯ ತಂಗಿ,

ನಿನ್ನ ಲೇಖನ ಬಂದು ಹದಿನೈದು ದಿನ ಆಯಿತು. ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಸ್ವಾತಂತ್ರ್ಯ ಹೋರಾಟಕ್ಕೂ ಕರಕುಶಲ ಕೆಲಸಕ್ಕೂ ಬದುಕು ಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ನೀನು ಬರೆದ ಮೊದಲ ಎರಡು ಪುಟದಲ್ಲೇ ‘ದಿಟ್ಟ’ ಐದು ಸಲ ಬಂದಿದೆ, ‘ಧೀಮಂತ’ ಮೂರು ಸಲ, ‘ಅಪ್ರತಿಮ’ ಎರಡು ಸಲ. ಅವರ ಮೇಲೆ ನಿನಗಿರುವ ಪ್ರೀತಿ ನಿಜವಾದದ್ದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಓದಿ ಮುಗಿಸಿದಾಗ ನನ್ನ ಕಣ್ಣ ಮುಂದೆ ಒಬ್ಬ ಹೆಂಗಸು ಬಂದು ನಿಲ್ಲಲಿಲ್ಲ. ಹಾರ ಹಾಕಿದ ಫೋಟೋ ಬಂತು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ನಿನ್ನ ಲೇಖನದಲ್ಲೇ ಆ ಜಾಗ ಇದೆ. ನೀನು ಅದನ್ನು ದಾಟಿ ಓಡಿಬಿಟ್ಟಿದ್ದೀಯ, ಅಷ್ಟೇ. ‘1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು’ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀಯ. ಅಲ್ಲಿ ನಿಲ್ಲು.

ಕಮಲಾದೇವಿಗೆ ಆಗ ಏಳು ವರ್ಷ. ತಂದೆ ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ಉಯಿಲು ಬರೆಯದೆ ತೀರಿಕೊಂಡರು. ಆಗಿನ ಕಾನೂನಿನ ಪ್ರಕಾರ ಆಸ್ತಿ ಪೂರ್ತಿ ತಾಯಿ ಗಿರಿಜಾಬಾಯಿಯವರ ಮಲಮಗನಿಗೆ ಹೋಯಿತು. ತಾಯಿಗೆ, ಮಗಳಿಗೆ ಅಂತ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ. ಗಿರಿಜಾಬಾಯಿ ಅದನ್ನು ಬೇಡ ಅಂದರು. ತವರಿನಿಂದ ತಮಗೆ ಬಂದಿದ್ದ ಆಸ್ತಿಯಲ್ಲೇ ಮಗಳನ್ನು ಬೆಳೆಸಿದರು. ಏಳು ವರ್ಷದ ಹುಡುಗಿ ಇದನ್ನೆಲ್ಲ ನೋಡಿದಳು. ನಿನ್ನೆಯವರೆಗೆ ನಮ್ಮದು ಅಂತಿದ್ದ ಮನೆ ಇವತ್ತು ನಮ್ಮದಲ್ಲ, ಯಾಕೆಂದರೆ ಅಮ್ಮ ಹೆಂಗಸು, ನಾನು ಹುಡುಗಿ. ಕಮಲಾದೇವಿ ಮುಂದೆ ಮಾಡಿದ ಕೆಲಸದಲ್ಲಿ, ಬರೆದ ಪುಸ್ತಕಗಳಲ್ಲಿ ಈ ಮನೆಯ ನೆರಳು ನನಗೆ ಕಾಣುತ್ತದೆ. ಘೋಷಣೆಗಿಂತ ಮೊದಲು ಅವರು ಕೇಳುತ್ತಿದ್ದದ್ದು, ದುಡ್ಡು ಯಾರ ಕೈಗೆ ಹೋಯಿತು, ಕೆಲಸ ಯಾರು ಮಾಡಿದರು, ಹೆಸರು ಯಾರದ್ದು ಬಂತು ಅಂತ.

ಹಳೇ ಕಥೆ ಅಂತ ಅನಿಸಿದರೆ ಸ್ವಲ್ಪ ಲೆಕ್ಕ ಹಾಕು. ಗಂಡ ಸತ್ತ ಹೆಂಗಸಿಗೆ ಆಸ್ತಿಯಲ್ಲಿ ಪಾಲು ಅಂತ ಕಾನೂನು ಬಂದದ್ದು 1937ರಲ್ಲಿ, ಅದೂ ಬದುಕಿರುವ ತನಕ ಮಾತ್ರ. ಪೂರ್ತಿ ಹಕ್ಕು ಬರಬೇಕಾದರೆ 1956 ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಆದದ್ದು ನಮ್ಮ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಈಗಲೂ ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ ತೆಗೆದುಕೊಂಡು ಅಣ್ಣತಮ್ಮಂದಿರಿಗೆ ರಿಲೀಸ್ ಡೀಡ್ ಬರೆದುಕೊಡುವ ಅಕ್ಕತಂಗಿಯರು ನಿನ್ನ ಮನೆಯಲ್ಲೂ ಇರಬಹುದು, ಅಲ್ವಾ? ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಿರಿಜಾಬಾಯಿಯವರ ಬಗ್ಗೆ ಬರೆ. ಆಗ ‘ದಿಟ್ಟ’ ಅನ್ನುವ ಮಾತೇ ಬೇಕಾಗುವುದಿಲ್ಲ.

ಇನ್ನು ಉಪ್ಪಿನ ವಿಷಯ. ನೀನು ‘1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸಕ್ರಿಯವಾಗಿ ಪಾಲ್ಗೊಂಡರು’ ಅಂತ ಬರೆದಿದ್ದೀಯ. ಸಕ್ರಿಯವಾಗಿ ಅಂದರೆ ಏನು ಮಾಡಿದರು? ಗಾಂಧೀಜಿ ದಂಡಿಗೆ ನಡೆಯಲು ಆರಿಸಿದ ತಂಡದಲ್ಲಿ ಹೆಂಗಸರು ಇರಲಿಲ್ಲ. ಕಮಲಾದೇವಿ ಗಾಂಧೀಜಿಯ ಹತ್ತಿರ ಹೋಗಿ, ಈ ಹೋರಾಟದಲ್ಲಿ ನಮ್ಮನ್ನೂ ಸೇರಿಸಿಕೊಳ್ಳಲೇಬೇಕು ಅಂತ ವಾದ ಮಾಡಿದರು. ಮುಂದೆ ಮುಂಬೈಯ ಕಡಲ ತೀರದಲ್ಲಿ ಉಪ್ಪು ಮಾಡಲು ಏಳು ಜನರ ಮುಂದಾಳು ತಂಡ ಆಯಿತು. ಅದರಲ್ಲಿ ಇಬ್ಬರು ಹೆಂಗಸರು, ಅವಂತಿಕಾಬಾಯಿ ಗೋಖಲೆ ಮತ್ತು ಇವರು.

ಆವತ್ತು ಸಾವಿರಾರು ಹೆಂಗಸರು ಸಮುದ್ರಕ್ಕೆ ನಡೆದು ಬಂದದ್ದನ್ನು ಕಮಲಾದೇವಿಯವರೇ ಬರೆದಿದ್ದಾರೆ. ಕೈಯಲ್ಲಿ ಆಯುಧ ಇಲ್ಲ, ಕೊಡ ಇದೆ. ಮಣ್ಣಿನ ಕೊಡ, ಹಿತ್ತಾಳೆ ಕೊಡ, ತಾಮ್ರದ ಕೊಡ. ಮೈಮೇಲೆ ಸಾದಾ ಹತ್ತಿ ಸೀರೆ.

ತಂಗಿ, ಈ ಮೂರು ಕೊಡದ ಹತ್ತಿರ ನಾನು ತುಂಬಾ ಹೊತ್ತು ಕೂತಿದ್ದೆ. ‘ಕೊಡ ಹಿಡಿದು ಬಂದರು’ ಅಂದಿದ್ದರೂ ಸುದ್ದಿ ಮುಟ್ಟುತ್ತಿತ್ತು. ಅವರು ಕೊಡ ಯಾವುದರದ್ದು ಅಂತ ನೋಡಿದರು. ಮಣ್ಣಿನ ಕೊಡದವಳ ಮನೆ ಬೇರೆ, ತಾಮ್ರದ ಕೊಡದವಳ ಮನೆ ಬೇರೆ. ಒಂದೇ ನಲ್ಲಿಯ ಮುಂದೆ ಇಬ್ಬರೂ ನಿಂತಿರುವುದು ಕಷ್ಟ. ಅಂಥವರು ಆವತ್ತು ಒಂದೇ ನೀರಿಗೆ ಇಳಿದರು, ಯಾಕೆಂದರೆ ಉಪ್ಪಿಲ್ಲದ ಅಡುಗೆ ಯಾರ ಮನೆಯಲ್ಲೂ ಇಲ್ಲ. ಉಪ್ಪಿನ ತೆರಿಗೆ ಬಡವರ ಬೆನ್ನ ಮೇಲೆ ಹೇಗೆ ಕೂತಿತ್ತು ಅಂತ ನೀನು ಅರ್ಧ ಪುಟ ವಿವರಿಸಿದ್ದೀಯ. ಆ ಕೊಡಗಳನ್ನು ತೋರಿಸು, ಅರ್ಧ ಪುಟ ಬಿಡಬಹುದು.

ಆಮೇಲೆ ಆ ಉಪ್ಪನ್ನು ಏನು ಮಾಡಿದರು ಅಂತಲೂ ಬರೆ. ಪೊಟ್ಟಣ ಕಟ್ಟಿ ಮಾರಿದರು. ಹೈಕೋರ್ಟಿಗೆ ಹೋಗಿ ಅಲ್ಲಿದ್ದ ಮ್ಯಾಜಿಸ್ಟ್ರೇಟನ್ನೇ ‘ಸ್ವಾತಂತ್ರ್ಯದ ಉಪ್ಪು’ ಕೊಳ್ಳುತ್ತೀರಾ ಅಂತ ಕೇಳಿದರು. ಬಾಂಬೆ ಸ್ಟಾಕ್ ಎಕ್ಸ್‌ಚೇಂಜಿಗೆ ನುಗ್ಗಿ ಮಾರಲು ಹೋದರು, ಪೊಲೀಸರು ಹಿಡಿದರು, ಜೈಲಾಯಿತು. ಇಡೀ ಊರಿನ ದುಡ್ಡು ಓಡಾಡುವ ಜಾಗಕ್ಕೇ ಹೋಗಿ ಒಂದು ಹಿಡಿ ಉಪ್ಪಿಗೆ ಬೆಲೆ ಕೇಳಿದ ಹೆಂಗಸು ಅವರು. ಏಳನೇ ವಯಸ್ಸಿನಲ್ಲಿ ಆಸ್ತಿ ಕೈತಪ್ಪಿದ್ದನ್ನು ಕಂಡ ಹುಡುಗಿಯೇ ಇಲ್ಲಿಯೂ ಇದ್ದಾಳೆ ಅಂತ ನನಗನಿಸುತ್ತದೆ. ಇದು ನನ್ನ ಊಹೆ. ನಿನಗೂ ಹಾಗನಿಸಿದರೆ ಊಹೆ ಅಂತಲೇ ಬರೆ.

ಊಹೆಯ ಮಾತು ಬಂದದ್ದಕ್ಕೆ ಇನ್ನೊಂದನ್ನು ಹೇಳಬೇಕು. ಕವಿ ಹರೀಂದ್ರನಾಥರ ಜೊತೆಗಿನ ಅವರ ಎರಡನೇ ಮದುವೆ ಮುರಿದ ಭಾಗದಲ್ಲಿ ನೀನು ಒಂದು ರಾತ್ರಿಯ ಮಾತುಕತೆ ಕಟ್ಟಿದ್ದೀಯ. ಅವರು ಹೀಗಂದರು, ಇವರು ಹಾಗಂದರು, ದೀಪ ಆರಿತು. ಅದನ್ನು ಪೂರ್ತಿ ತೆಗೆದುಬಿಡು. ಹದಿನಾಲ್ಕಕ್ಕೆ ಮದುವೆ, ಎರಡು ವರ್ಷದೊಳಗೆ ವಿಧವೆ, ಆಮೇಲೆ ತಾವೇ ಮೆಚ್ಚಿದವನ ಜೊತೆ ಮರುಮದುವೆ, ಕೊನೆಗೆ ಕಾನೂನಿನ ಪ್ರಕಾರ ಬೇರೆಯಾದದ್ದು. ಆ ಕಾಲಕ್ಕೆ ಇದರಲ್ಲಿ ಒಂದೊಂದೂ ಊರು ಬಾಯಿಗೆ ಬಂದಂತೆ ಆಡಿಕೊಳ್ಳುವ ವಿಷಯ. ಆದರೂ 1986ರಲ್ಲಿ ಬಂದ ಅವರ ಆತ್ಮಕಥೆಯಲ್ಲಿ ಈ ಒಳಮನೆಯ ಬಗ್ಗೆ ಬಹಳ ಕಡಿಮೆ ಮಾತಿದೆ. ಊರೂರು ತಿರುಗಿದ್ದು, ಜೈಲು, ಸಭೆ, ನಾಟಕ, ಮಗ್ಗ, ಕುಶಲಕರ್ಮಿಗಳು, ಇವೆಲ್ಲ ಧಾರಾಳವಾಗಿವೆ. ಅವರು ಮುಚ್ಚಿಟ್ಟ ಬಾಗಿಲನ್ನು ನಾವು ಕಲ್ಪನೆಯ ಕೀಲಿಕೈಯಿಂದ ತೆಗೆಯುವುದು ಬೇಡ. ಬಾಗಿಲು ಮುಚ್ಚಿದೆ ಅಂತ ಮಾತ್ರ ಬರೆ. ಎಂಬತ್ತು ದಾಟಿದ ಹೆಂಗಸು ಯಾವುದನ್ನು ಹೇಳಲಿಲ್ಲ ಅನ್ನುವುದೂ ಓದುಗರಿಗೆ ಬೇಕಾದ ಸಂಗತಿಯೇ.

1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತದ್ದು, ಮೂಕಿಚಿತ್ರದಲ್ಲಿ ನಟಿಸಿದ್ದು, ಪದ್ಮಭೂಷಣ, ಮ್ಯಾಗ್ಸೆಸೆ, ಪದ್ಮವಿಭೂಷಣ, ಇವೆಲ್ಲ ನಿನ್ನ ಲೇಖನದಲ್ಲಿ ಸರಿಯಾಗಿಯೇ ಇವೆ. ಪ್ರಶಸ್ತಿಗಳಿಗೆ ಒಂದು ಸಾಲು ಸಾಕು. ಆ ಜಾಗದಲ್ಲಿ ಅಮೆರಿಕದ ರೈಲು ಬರಲಿ.

1941ರಲ್ಲಿ ಅವರು ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಕೂತಿದ್ದದ್ದು ಬಿಳಿಯರಿಗೆ ಮೀಸಲಾದ ಬೋಗಿಯಲ್ಲಿ. ಟಿಕೆಟ್ ನೋಡುವವನು ಬಂದು ಎದ್ದು ಹೋಗಲು ಹೇಳಿದ. ಇವರು ಏಳಲಿಲ್ಲ. ಅವನಿಗೆ ಆಮೇಲೆ ಏನೋ ಅನುಮಾನ ಬಂದು, ನೀವು ಯಾವ ದೇಶದವರು ಅಂತ ಕೇಳಿದ. ಪರದೇಶದವಳು, ಭಾರತದವಳು ಅಂದಿದ್ದರೆ ಅವನೇ ನಮಸ್ಕಾರ ಹಾಕಿ ಹೋಗುತ್ತಿದ್ದನೇನೋ. ಕಮಲಾದೇವಿ ಆ ದಾರಿ ಹಿಡಿಯಲಿಲ್ಲ. ನಾನು ಬಿಳಿಯಳಲ್ಲದ ಹೆಂಗಸು, ಅದು ಕಾಣುತ್ತಲೇ ಇದೆ, ನಾನು ಇಲ್ಲಿಂದ ಏಳುವುದಿಲ್ಲ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಅಂದರೆ ತನಗೊಬ್ಬಳಿಗೆ ಸಿಗುವ ವಿನಾಯಿತಿಯನ್ನು ಬೇಡ ಅಂದರು. ಅವರಮ್ಮ ಜೀವನಾಂಶ ಬೇಡ ಅಂದ ಹಾಗೆ.

ಅವರು ಜಪಾನ್ ಬಗ್ಗೆ ಬರೆದರು, ಚೀನಾ ಬಗ್ಗೆ ಬರೆದರು, ಅಮೆರಿಕದ ಬಗ್ಗೆ ಬರೆದರು. ನಿನಗೆ ಯಾರಾದರೂ ‘ನೀವು ಮಹಿಳಾ ವಿಷಯ ಬರೆಯಿರಿ, ಚೆನ್ನಾಗಿ ಬರೆಯುತ್ತೀರಿ’ ಅಂದರೆ ಇದನ್ನು ನೆನಪಿಸಿಕೋ. ನನಗೂ ಹಾಗೆ ಹೇಳಿದ್ದರು. ನಾನು ಒಪ್ಪಿಕೊಂಡು ಹತ್ತು ವರ್ಷ ಕಳೆದೆ. ನೀನು ಒಪ್ಪಿಕೊಳ್ಳಬೇಡ.

ನಿನ್ನ ಇನ್ನೊಂದು ಪ್ರಶ್ನೆ, ಅವರು ಪುಸ್ತಕ ಬರೆದದ್ದು ಇಂಗ್ಲಿಷಿನಲ್ಲಿ, ಮನೆಮಾತು ಕೊಂಕಣಿ, ನಾವು ಕನ್ನಡದವರು ನಮ್ಮವರು ಅನ್ನಬಹುದಾ ಅಂತ. ನಮ್ಮವರು ಅಂತ ಹಕ್ಕು ಸಾಧಿಸುವುದಕ್ಕಿಂತ ಅವರ ಕೆಲಸ ನಮ್ಮಲ್ಲಿ ಎಲ್ಲಿ ಮುಟ್ಟಿದೆ ಅಂತ ಹುಡುಕು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಅಧ್ಯಕ್ಷೆಯಾದವರು ಅವರು. ದೇಶ ಆಗ ಕಾರ್ಖಾನೆ, ಅಣೆಕಟ್ಟು ಅಂತ ಓಡುತ್ತಿತ್ತು. ಕೈಕೆಲಸ ಅಂದರೆ ಹಿಂದುಳಿದದ್ದು ಅನ್ನುವ ಭಾವನೆ ಇತ್ತು. ಇವರು ಹಳ್ಳಿ ಹಳ್ಳಿ ತಿರುಗಿ ಕುಂಬಾರರ, ನೇಕಾರರ, ಗೊಂಬೆ ಮಾಡುವವರ ಮನೆಯಲ್ಲಿ ಕೂತರು. ಈ ಕೆಲಸಕ್ಕೆ ಕೂಲಿ ಸರಿಯಾಗಿ ಸಿಗಬೇಕು, ಮಾಡಿದವರಿಗೆ ಹೆಸರು ಸಿಗಬೇಕು ಅಂತ ಹಟ ಹಿಡಿದರು.

ಇಲ್ಲಿ ನನ್ನದೊಂದು ತಪ್ಪು ನಿನಗೆ ಹೇಳಲೇಬೇಕು. ತುಂಬಾ ವರ್ಷದ ಹಿಂದೆ ಇಳಕಲ್ ಸೀರೆಯ ಬಗ್ಗೆ ಬರೆಯಲು ಹೋಗಿದ್ದೆ. ಒಂದು ಮನೆ. ಗಂಡ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದರು. ನಾನು ಅವರನ್ನೇ ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಹೆಂಡತಿ ಗೋಡೆಗೆ ಒರಗಿ ಲಾಳಿಗೆ ನೂಲು ಸುತ್ತುತ್ತಿದ್ದರು. ಮಧ್ಯಾಹ್ನ ಎದ್ದು ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆ ಸೇರಿಸಲು ಕೂತರು. ಇಳಕಲ್ ಸೀರೆ ಬೇರೆ ಸೀರೆಗಳಿಗಿಂತ ಬೇರೆಯಾಗಿ ನಿಲ್ಲುವುದೇ ಆ ಕೊಂಡಿಯಿಂದ. ಬೂದಿ ಮುಟ್ಟಿದ ಬೆರಳಲ್ಲಿ ಒಂದೊಂದೇ ಎಳೆ ಹಿಡಿದು ಹೊಸೆದು ಬಿಡುವುದು, ಮತ್ತೆ ಇನ್ನೊಂದು ಎಳೆ. ಕತ್ತು ಬಗ್ಗಿಸಿದವರು ಗಂಟೆಗಟ್ಟಲೆ ಎತ್ತಲಿಲ್ಲ. ಹೊರಡುವಾಗ ಸುಮ್ನೆ ಮಾತಿಗೆ, ನೀವೇನು ಮಾಡುತ್ತೀರಿ ಅಂತ ಕೇಳಿದೆ. ಆಕೆ ನಕ್ಕು, ‘ನಾ ಏನ್ ಮಾಡ್ತೀನ್ರೀ ಅಕ್ಕಾರ, ಸುಮ್ನ ಕುಂತು ನೂಲು ಸುತ್ತತೀನಿ. ನೇಯಾವ್ರು ಅವ್ರು’ ಅಂದರು.

ನನ್ನ ಲೇಖನದಲ್ಲಿ ಗಂಡನ ಹೆಸರಿತ್ತು, ಫೋಟೋ ಇತ್ತು. ಆಕೆಯ ಹೆಸರು ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಎರಡು ವರ್ಷ ಬಿಟ್ಟು ಕಮಲಾದೇವಿಯವರ ಪುಸ್ತಕ ಓದುವಾಗ ಆ ಬೆರಳುಗಳು ನೆನಪಾದವು. ಓದುವುದನ್ನು ನಿಲ್ಲಿಸಿ ಕೂತೆ. ಆಮೇಲೆ ಇಳಕಲ್ಲಿಗೆ ಹೋದೆ. ಆ ಮನೆಯವರು ಮಗ್ಗ ಮಾರಿ ಬೇರೆ ಊರಿಗೆ ಹೋಗಿದ್ದರು. ಓಣಿಯಲ್ಲಿ ವಿಚಾರಿಸಿದರೆ ಎಲ್ಲರೂ ಗಂಡನ ಹೆಸರು ಹೇಳಿದರು. ಆಕೆಯನ್ನು ಇಂಥವರ ಹೆಂಡತಿ ಅಂತಲೇ ಕರೆದರು. ಆಕೆಯ ಹೆಸರು ನನಗೆ ಇವತ್ತಿಗೂ ಸಿಕ್ಕಿಲ್ಲ.

ಈಗ ನಿನ್ನ ಲೇಖನದ ಕೊನೆಯ ಭಾಗ. ಚನ್ನಪಟ್ಟಣಕ್ಕೆ ಹೋಗಿ ಬಂದದ್ದನ್ನು ಬರೆದಿದ್ದೀಯ. ಅರಗು ಬಳಿಯುವ ಹುಡುಗಿ ತಾಳೆಗರಿ ಒತ್ತಿ ಹೊಳಪು ಕೊಡುವುದು, ಊಟಕ್ಕೆ ಎದ್ದಾಗ ಅವಳ ಉಗುರಿನ ಸುತ್ತ ಹಳದಿ, ಕೆಂಪು ಉಳಿದಿರುವುದು. ಇಡೀ ಹದಿನಾಲ್ಕು ಪುಟದಲ್ಲಿ ಇದೇ ನನಗೆ ಹೆಚ್ಚು ಇಷ್ಟವಾದ ಜಾಗ. ಅದನ್ನು ನೀನು ‘ಇಂಥ ಅನೇಕ ಮಹಿಳೆಯರು’ ಅಂತ ಮುಗಿಸಿಬಿಟ್ಟಿದ್ದೀಯ. ಆ ಹುಡುಗಿಯ ಹೆಸರೇನು? ದಿನಕ್ಕೆ ಎಷ್ಟು ಗೊಂಬೆ ಮುಗಿಸುತ್ತಾಳೆ, ಕೈಗೆ ಎಷ್ಟು ಸಿಗುತ್ತದೆ, ಅದು ಅವಳ ಕೈಗೇ ಬರುತ್ತದಾ ಅಥವಾ ಮನೆಯ ಇನ್ಯಾರ ಕೈಗೋ ಹೋಗುತ್ತದಾ? ಬೆಂಗಳೂರಿನಿಂದ ಚನ್ನಪಟ್ಟಣ ದೂರ ಇಲ್ಲ. ಇನ್ನೊಂದು ಸಲ ಹೋಗಿ ಬಾ. ಹೆಸರು ಹಾಕಬಹುದಾ ಅಂತ ಅವಳನ್ನೇ ಕೇಳು. ಬೇಡ ಅಂದರೆ ಹಾಕಬೇಡ, ಆದರೆ ಕೇಳದೆ ಬರಬೇಡ.

ಮೊದಲ ಎರಡು ಪುಟ ತೆಗೆದು ಮತ್ತೆ ಕಳಿಸು. ಈ ಸಲ ಅಂಚೆಯಲ್ಲೇ ಕಳಿಸು, ಕಾಗದದ ಮೇಲೆ ಗುರುತು ಹಾಕಿ ಓದುವುದು ನನಗೆ ಸುಲಭ. ತಿಂಗಳ ಕೊನೆವರೆಗೆ ಊರಲ್ಲೇ ಇರುತ್ತೇನೆ.

ಇಂತಿ,
ನಿನ್ನ ಅಕ್ಕ